ಡಿಲೀಟ್ ಆಗದ್ದು, ಕಾಪಿ ಆಗದ್ದು

ಹಳೆ ಕಂಪ್ಯೂಟರನ್ನು ಬೇರೆಯವರಿಗೆ ಕೊಡುವ ಮೊದಲು ಎಲ್ಲರೂ ಮಾಡುವುದು ಎರಡೇ ಕೆಲಸ. ಬೇಕಾದ್ದನ್ನು ಕಾಪಿ ಮಾಡಿಕೊಳ್ಳುವುದು, ಬೇಡದ್ದನ್ನು ಡಿಲೀಟ್ ಮಾಡುವುದು. ತಮಾಷೆ ಏನೆಂದರೆ, ಬಂತು ಅಂದುಕೊಂಡ ಫೈಲ್ ಎಷ್ಟೋ ಸಲ ಬಂದೇ ಇರುವುದಿಲ್ಲ. ಹೋಯ್ತು ಅಂದುಕೊಂಡದ್ದು ಎಲ್ಲಿಗೂ ಹೋಗಿರುವುದಿಲ್ಲ.

ಡೆಸ್ಕ್‌ಟಾಪ್ ಮೇಲಿರುವ ಐಕಾನ್‌ಗಳನ್ನೇ ನೋಡಿ. ಕೆಲವದರ ಎಡ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಣ ಇರುತ್ತದೆ. ಅದು ಶಾರ್ಟ್‌ಕಟ್. ಫೈಲ್ ಎಲ್ಲಿದೆ ಅಂತ ಹೇಳುವ ಚೀಟಿಯೇ ಹೊರತು ಫೈಲ್ ಅಲ್ಲ. ಹತ್ತು ವರ್ಷದ ಲೆಕ್ಕಪತ್ರವನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡೆ ಅಂತ ಖುಷಿಪಟ್ಟು, ಸೈಜ್ ನೋಡಿದರೆ 2 ಕೆಬಿ! ಒನ್‌ಡ್ರೈವ್ ಬಳಸುವವರಿಗೆ ಇನ್ನೊಂದು ಕಾಟ. ಫೈಲಿನ ಪಕ್ಕ ಮೋಡದ ಗುರುತಿದ್ದರೆ ಕಾಣುತ್ತಿರುವುದು ಹೆಸರು ಮಾತ್ರ, ಒಳಗಿನದ್ದು ದೂರದ ಸರ್ವರ್‌ನಲ್ಲಿದೆ. ನೆಟ್ ಇಲ್ಲದಿದ್ದರೆ ಅದು ಕಾಪಿ ಆಗುವುದಿಲ್ಲ.

ಇನ್ನು ಕೆಲವು ಕಣ್ಣಿಗೇ ಬೀಳುವುದಿಲ್ಲ. ಬ್ರೌಸರಿನ ಬುಕ್‌ಮಾರ್ಕ್‌ಗಳನ್ನು, ಥಂಡರ್‌ಬರ್ಡ್‌ನಲ್ಲಿ ಕೂಡಿಟ್ಟ ವರ್ಷಗಟ್ಟಲೆ ಮೇಲ್‌ಗಳನ್ನು ವಿಂಡೋಸ್ 'ಆಪ್‌ಡೇಟಾ' ಎಂಬ ಅಡಗಿದ ಫೋಲ್ಡರಿನಲ್ಲಿ ಇಡುತ್ತದೆ. 'ಡಾಕ್ಯುಮೆಂಟ್ಸ್' ಮಾತ್ರ ಎಳೆದು ಹಾಕಿಕೊಂಡರೆ ಇವು ಅಲ್ಲೇ ಉಳಿಯುತ್ತವೆ. ಕೂತು ಆರಿಸುವ ಗೋಜೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಳೆ ಡಿಸ್ಕ್‌ಗಳು ಈಗಿನ ಲೆಕ್ಕಕ್ಕೆ ಚಿಕ್ಕವು. ಇಡೀ ಡಿಸ್ಕಿನ ಇಮೇಜ್, ಅಂದರೆ ಇದ್ದದ್ದು ಇದ್ದಂತೆ ಒಂದೇ ಫೈಲಿನ ಪಡಿಯಚ್ಚು, ತೆಗೆದು ಹೊಸ ಹಾರ್ಡ್ ಡಿಸ್ಕಿನ ಒಂದು ಮೂಲೆಯಲ್ಲಿಟ್ಟರೆ, ಯಾವುದು ಬೇಕು ಅಂತ ನಿಧಾನವಾಗಿ ಯೋಚಿಸಬಹುದು. ಡಿಸ್ಕ್ ಆಗಲೇ ಟಿಕ್ ಟಿಕ್ ಅನ್ನುತ್ತಿದ್ದರೆ ಡಿಡಿರೆಸ್ಕ್ಯೂ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದು ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ತೆಗೆದುಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ.

ಜಾಗ ಎಷ್ಟೋ ಖಾಲಿ ಇದ್ದರೂ ಪೆನ್‌ಡ್ರೈವ್ ದೊಡ್ಡ ವಿಡಿಯೋ ಒಂದನ್ನು ಒಲ್ಲೆ ಅನ್ನುವುದುಂಟು. ಅದು ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. ಅಲ್ಲಿ ಫೈಲಿನ ಗಾತ್ರ ಬರೆದಿಡಲು ಇರುವುದೇ 32 ಬಿಟ್. ಅಷ್ಟರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 4,29,49,67,295. ಅಂದರೆ 4 ಜಿಬಿ ಮುಟ್ಟಿದ ಫೈಲಿಗೆ ಅಲ್ಲಿ ಜಾಗವಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದರೆ ಮುಗಿಯಿತು.

ಕಾಪಿ ಸರಿಯಾಗಿ ಆಗಿದೆಯಾ ಅಂತ ತಿಳಿಯುವುದು ಹೇಗೆ? ಇದಕ್ಕೆ ಹ್ಯಾಶ್ ಎಂಬ ಚೆಂದದ ಗಣಿತ ಇದೆ. ಎಸ್‌ಎಚ್‌ಎ-256 ಎಂಬ ಸೂತ್ರಕ್ಕೆ ಒಂದು ಸಾಲಿನ ಪತ್ರ ಕೊಡಿ, ಎರಡು ಗಂಟೆಯ ವಿಡಿಯೋ ಕೊಡಿ, ಎರಡಕ್ಕೂ 64 ಅಕ್ಷರಗಳ ಒಂದು ಗುರುತನ್ನು ಕೊಡುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಗುರುತು ಪೂರ್ತಿ ಬೇರೆಯಾಗುತ್ತದೆ. ಹಳೆಯ ಫೈಲಿನ ಗುರುತು, ಕಾಪಿಯ ಗುರುತು ಎರಡೂ ಒಂದೇ ಆದರೆ ನಿಶ್ಚಿಂತೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಕಮಾಂಡ್ ಇದನ್ನು ಲೆಕ್ಕ ಹಾಕಿ ಕೊಡುತ್ತದೆ.

ಗುರುತು ಹೊಂದಿದರೂ ಫೈಲ್ ಓದಲು ಬರದೇ ಹೋಗಬಹುದು. ಎಲ್ಲ ಭಾಷೆಗೂ ಒಂದೇ ಸಂಕೇತಪಟ್ಟಿಯಾದ ಯುನಿಕೋಡ್ ರೂಢಿಗೆ ಬರುವ ಮೊದಲು 'ನುಡಿ', 'ಬರಹ' ಎಂಬ ಕನ್ನಡ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿದ್ದನ್ನು ತೆರೆದು ನೋಡಿದವರಿಗೆ ಇದು ಗೊತ್ತಿರುತ್ತದೆ. ಆ ಫೈಲಿನೊಳಗೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳಿವೆ. ಅವಕ್ಕೆ ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟ್. ಫಾಂಟ್ ಹಳೆ ಕಂಪ್ಯೂಟರಿನ ಜೊತೆ ಹೋದರೆ ಪರದೆ ಮೇಲೆ ಉಳಿಯುವುದು ಬರೀ ಕಲಸುಮೇಲೋಗರ. ಹಾಗಾಗಿ ವಿಂಡೋಸ್‌ನ 'ಫಾಂಟ್ಸ್' ಫೋಲ್ಡರನ್ನೂ ಜೊತೆಗೆ ತೆಗೆದುಕೊಳ್ಳಿ. ಹಳೆ ಯಂತ್ರ ಕೈಯಲ್ಲಿರುವಾಗಲೇ ಮುಖ್ಯವಾದವನ್ನು ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಸರಿ ಬಂದಿವೆಯಾ ನೋಡಿ. ಪಿಡಿಎಫ್ ಕೂಡ ಮಾಡಿಟ್ಟರೆ ಇನ್ನೂ ಒಳ್ಳೆಯದು. ಅದರೊಳಗೆ ಫಾಂಟ್ ಕೂಡ ಸೇರಿಕೊಂಡಿರುತ್ತದೆ.

ಈಗ ಅಳಿಸುವ ಕಡೆಗೆ ಬರೋಣ. ಡಿಲೀಟ್ ಒತ್ತಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದರೆ ಆಯ್ತಲ್ವಾ? ಇಲ್ಲ. ಬಾಗಿಲ ಮೇಲಿನ ಹೆಸರಿನ ಫಲಕ ಕಿತ್ತಂತೆ ಅಷ್ಟೇ, ಮನೆಯೊಳಗಿನವರು ಹಾಗೇ ಇರುತ್ತಾರೆ. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಲ್ಲಂತೂ ಇದು ನಗು ಬರುವಷ್ಟು ಸರಳವಾಗಿತ್ತು. ಫೈಲ್ ಅಳಿಸಿದರೆ ಪಟ್ಟಿಯಲ್ಲಿ ಅದರ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ವಿಶೇಷ ಗುರುತು ಬರುತ್ತಿತ್ತು. ಫೈಲ್ ಇದ್ದ ಜಾಗ ಖಾಲಿ ಅಂತ ನಮೂದಾಗುತ್ತಿತ್ತು, ಡೇಟಾ ಮಾತ್ರ ಅಲ್ಲೇ ಇರುತ್ತಿತ್ತು. ಅದಕ್ಕೇ 'ಅನ್‌ಡಿಲೀಟ್' ಕಮಾಂಡ್ ಕೊಟ್ಟರೆ ಅದು ಕೇಳುತ್ತಿದ್ದದ್ದು, "ಮೊದಲ ಅಕ್ಷರ ಯಾವುದಿತ್ತು?" ಈಗಿನ ವಿಂಡೋಸ್ ಡಿಸ್ಕ್‌ಗಳ ಎನ್‌ಟಿಎಫ್‌ಎಸ್ ಪದ್ಧತಿ ಅಕ್ಷರ ಅಳಿಸುವುದಿಲ್ಲ. ಫೈಲಿನ ದಾಖಲೆಯಲ್ಲಿ 'ಬಳಕೆಯಲ್ಲಿದೆ' ಎಂಬ ಗುರುತನ್ನು ತೆಗೆಯುತ್ತದೆ. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ, ಮೇಲೆ ಬೇರೇನಾದರೂ ಬರೆಯುವವರೆಗೆ ಹಳೆಯದು ಅಲ್ಲೇ.

ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲತ್ 158 ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ವರದಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದದ್ದು 129. ಸರಿಯಾಗಿ ಅಳಿಸಿದ್ದು ಬರೀ 12! ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ನಂಬರ್‌ಗಳು ಸಿಕ್ಕವು.

ಹಾರ್ಡ್ ಡಿಸ್ಕ್ ಆದರೆ ಪರಿಹಾರ ಸುಲಭ. ಪೂರ್ತಿ ಡಿಸ್ಕಿನ ಮೇಲೆ ಒಂದು ಸಲ ಸೊನ್ನೆ ಬರೆದರೆ ಸಾಕು. ವಿಂಡೋಸ್ ವಿಸ್ಟಾದಿಂದ ಈಚೆಗೆ ಫುಲ್ ಫಾರ್ಮ್ಯಾಟ್ ಇದನ್ನೇ ಮಾಡುತ್ತದೆ, ಕ್ವಿಕ್ ಫಾರ್ಮ್ಯಾಟ್ ಮಾಡುವುದಿಲ್ಲ. 35 ಸಲ ಬರೆಯಬೇಕು ಎಂಬ ಮಾತು ಹುಟ್ಟಿದ್ದು ಪೀಟರ್ ಗಟ್‌ಮನ್ ಅವರ 1996ರ ಪ್ರಬಂಧದಿಂದ. ಅದು ಆಗಿನ ಬೇರೆ ಬೇರೆ ಬಗೆಯ ಡಿಸ್ಕ್‌ಗಳಿಗೆಲ್ಲ ಸೇರಿಸಿ ಹೇಳಿದ ಲೆಕ್ಕ. ಒಂದೇ ಡಿಸ್ಕಿಗೆ 35 ಸಲವೂ ಬೇಕಿಲ್ಲ ಅಂತ ಅವರೇ ಆಮೇಲೆ ಬರೆದರು. ಜನ ಮಾತ್ರ ಇವತ್ತಿಗೂ ಸುಮ್ನೆ ರಾತ್ರಿಯಿಡೀ ಓಡಿಸುತ್ತಾರೆ.

ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಯ ಕಥೆ ಬೇರೆ. ಅದರ ಚಿಪ್ಪಿನಲ್ಲಿ ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲು ಬರುವುದಿಲ್ಲ. ಇಡೀ ಬ್ಲಾಕನ್ನು ಖಾಲಿ ಮಾಡಿಯೇ ಬರೆಯಬೇಕು. ಒಂದೇ ಕಡೆ ಜಾಸ್ತಿ ಸವೆಯಬಾರದು ಅಂತ ಅದರ ನಿಯಂತ್ರಕ ಹೊಸದನ್ನು ಬೇರೆಲ್ಲೋ ಬರೆಯುತ್ತದೆ. ನೀವು ಫೈಲಿನ ಮೇಲೆ ಸೊನ್ನೆ ಬರೆದೆ ಅಂದುಕೊಂಡಿರುತ್ತೀರಿ, ಸೊನ್ನೆ ಪಕ್ಕದ ಬ್ಲಾಕಿಗೆ ಹೋಗಿರುತ್ತದೆ. ಅದೇ ಎಸ್‌ಎಸ್‌ಡಿಯಲ್ಲಿ ಕೈತಪ್ಪಿ ಅಳಿಸಿದ ಫೋಟೋ ವಾಪಸ್ ಸಿಗುವುದೂ ಕಷ್ಟ. 'ಟ್ರಿಮ್' ಎಂಬ ಸೂಚನೆ ಮೂಲಕ ವಿಂಡೋಸ್ "ಈ ಜಾಗ ಇನ್ನು ಬೇಡ" ಎಂದು ಹೇಳಿಬಿಟ್ಟಿರುತ್ತದೆ, ನಿಯಂತ್ರಕ ತನಗೆ ಬಿಡುವಾದಾಗ ಗುಡಿಸಿಹಾಕುತ್ತದೆ. ಬೇಕಾದ್ದು ಸಿಗುವುದಿಲ್ಲ, ಬೇಡದ್ದು ಪೂರ್ತಿ ಹೋಯಿತು ಅನ್ನುವ ಖಾತ್ರಿಯೂ ಇಲ್ಲ! ಇಲ್ಲಿ ಡ್ರೈವಿನದೇ 'ಸೆಕ್ಯೂರ್ ಇರೇಸ್' ಕಮಾಂಡ್ ಬಳಸಬೇಕು. ಮೊದಲಿನಿಂದಲೂ ಬಿಟ್‌ಲಾಕರ್‌ನಂಥ ಗೂಢಲಿಪಿಯಲ್ಲಿಟ್ಟ ಡಿಸ್ಕ್ ಆದರೆ ಕೆಲಸ ಇನ್ನೂ ಹಗುರ. ಕೀಲಿಯನ್ನು ನಾಶ ಮಾಡಿದರೆ ಉಳಿದದ್ದೆಲ್ಲ ಅರ್ಥವಿಲ್ಲದ ಬಿಟ್‌ಗಳ ರಾಶಿ.

ಪೆನ್‌ಡ್ರೈವ್ ಕೂಡ ಇದೇ ಜಾತಿಯ ಚಿಪ್. ಅದರಲ್ಲಿ ಡೇಟಾ ನಿಂತಿರುವುದು ಸಿಕ್ಕಿಹಾಕಿಕೊಂಡ ಎಲೆಕ್ಟ್ರಾನ್‌ಗಳ ಮೇಲೆ, ವರ್ಷಗಳು ಕಳೆದಂತೆ ಅವು ನಿಧಾನವಾಗಿ ಸೋರುತ್ತವೆ. ಇರುವ ಒಂದೇ ಕಾಪಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಡ್ರಾಯರ್‌ಗೆ ಎಸೆಯಬೇಡಿ. ಎರಡು ಬೇರೆ ಬೇರೆ ಸಾಧನಗಳಲ್ಲಿಡಿ, ಒಂದನ್ನು ಬೇರೆ ಜಾಗದಲ್ಲಿಡಿ.

ಕಾಪಿ ಮುಗಿದ ದಿನವೇ ಅಳಿಸಲು ಹೋಗಬೇಡಿ. ಕೆಲವು ವಾರ ಹೊಸ ಕಂಪ್ಯೂಟರಿನಲ್ಲಿ ಕೆಲಸ ಮಾಡಿ. ಮರೆತದ್ದೆಲ್ಲ ಆಗ ಒಂದೊಂದಾಗಿ ನೆನಪಾಗುತ್ತದೆ. ಇನ್ನು ಹಳೆಯದು ಆನ್ ಆಗುವುದೇ ಇಲ್ಲ ಅಂದರೆ ಅಳಿಸುವ ಕಮಾಂಡೂ ಓಡುವುದಿಲ್ಲ, ಆದರೆ ಒಳಗಿನ ಡಿಸ್ಕ್ ಚೆನ್ನಾಗಿಯೇ ಇರಬಹುದು. ಅದನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ಓದಿಕೊಳ್ಳಿ. ಬಿಚ್ಚಲು ಬಾರದಂತೆ ಬೋರ್ಡಿಗೇ ಬೆಸುಗೆ ಹಾಕಿದ ಮಾದರಿಗಳೂ ಇವೆ, ಅವನ್ನು ರಿಪೇರಿಯವರಿಗೇ ತೋರಿಸಬೇಕು. ಕೊಡುವಾಗ ಡಿಸ್ಕ್ ತೆಗೆದುಕೊಂಡು ಉಳಿದದ್ದನ್ನು ಕೊಡಿ. ಪಡೆದವರು ಬೇರೊಂದು ಡಿಸ್ಕ್ ಹಾಕಿಕೊಳ್ಳುತ್ತಾರೆ.