ಬಂದವರು 10 ಲಕ್ಷ, ಉಳಿದವರು 3 ಲಕ್ಷ: ಜಮೈಕಾದ ಸಕ್ಕರೆ ಲೆಕ್ಕ

ಗುಲಾಮರ ವ್ಯಾಪಾರದ ಪಾಠದಲ್ಲಿ ಇಸವಿಗಳನ್ನು ಬಾಯಿಪಾಠ ಮಾಡುವ ಮೊದಲು ಎರಡು ಲೆಕ್ಕ ಪಕ್ಕಪಕ್ಕ ಬರೆದುಕೊಳ್ಳಿ. ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ಆಫ್ರಿಕಾದಿಂದ ತಂದು ಇಳಿಸಿದವರು ಸುಮಾರು 4 ಲಕ್ಷ. 1860ರ ಜನಗಣತಿಯಲ್ಲಿ ಅಲ್ಲಿದ್ದ ಗುಲಾಮರು ಹತ್ತಿರ ಹತ್ತಿರ 40 ಲಕ್ಷ. ಕೆರಿಬಿಯನ್ ಸಮುದ್ರದ ಬ್ರಿಟಿಷ್ ವಸಾಹತು ಜಮೈಕಾದಲ್ಲಿ ಇಳಿಸಿದವರು ಸುಮಾರು 10 ಲಕ್ಷ. 1834ರಲ್ಲಿ ಗುಲಾಮಗಿರಿ ರದ್ದಾದಾಗ ಅಲ್ಲಿದ್ದವರು 3 ಲಕ್ಷ ಚಿಲ್ಲರೆ. ಒಂದಿಷ್ಟು ಜನರನ್ನು ಬೇರೆ ವಸಾಹತುಗಳಿಗೆ ಮಾರಿದ್ದರು, ನಿಜ. ಅವರನ್ನು ಕಳೆದರೂ ಲೆಕ್ಕ ಕೂಡುವುದಿಲ್ಲ. ಮಿಕ್ಕವರು ಎಲ್ಲಿ ಹೋದರು?

ಸತ್ತರು. ರೋಗ, ಅರೆಹೊಟ್ಟೆ ಎಲ್ಲವೂ ಇದ್ದವು. ಆದರೆ ದೊಡ್ಡ ಕಾರಣ ಸಕ್ಕರೆ.

ಆಲೆಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಡಿದ ಕಬ್ಬು ಕಾಯುವುದಿಲ್ಲ, ಒಂದೆರಡು ದಿನದಲ್ಲಿ ಅರೆಯಲೇಬೇಕು. ಹಾಗಾಗಿ ಕಟಾವಿನ ತಿಂಗಳುಗಳಲ್ಲಿ ಗಾಣ ಹಗಲೂ ರಾತ್ರಿ ತಿರುಗುತ್ತಿತ್ತು. ಹಗಲೆಲ್ಲ ಗದ್ದೆಯಲ್ಲಿ ದುಡಿದವರೇ ರಾತ್ರಿ ಪಾಳಿಗೂ ನಿಲ್ಲಬೇಕಿತ್ತು. ನಿದ್ದೆಗಣ್ಣಲ್ಲಿ ಕಬ್ಬು ಕೊಡುವಾಗ ಕೈ ಗಾಣಕ್ಕೆ ಸಿಕ್ಕಿದರೆ? ತೋಳು ಕತ್ತರಿಸಲು ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರು. ಅತ್ತ ಕೊಪ್ಪರಿಗೆಗಳ ಸಾಲಿನಲ್ಲಿ ಕುದಿಯುವ ಪಾಕ ಸಿಡಿದರೆ ಮೈಗೆ ಅಂಟಿಕೊಳ್ಳುತ್ತಿತ್ತು. ಕಬ್ಬು ನೆಡಲು ಗುಂಡಿ ತೋಡುವುದೂ ಗುದ್ದಲಿಯಲ್ಲೇ. ಆ ಸಾಲಿನಲ್ಲಿ ಹೆಂಗಸರೇ ಜಾಸ್ತಿ ಇರುತ್ತಿದ್ದರು. ಹುಟ್ಟುವ ಮಕ್ಕಳು ಕಮ್ಮಿ, ಹುಟ್ಟಿದವೂ ಬದುಕಿದ್ದು ಕಮ್ಮಿ.

ಮಾಲೀಕರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹಡಗು ಬರುತ್ತಲೇ ಇದ್ದಾಗ, ಮಗುವೊಂದನ್ನು ದುಡಿಯುವ ವಯಸ್ಸಿನವರೆಗೆ ಸಾಕುವುದಕ್ಕಿಂತ ಹೊಸ ಆಳನ್ನು ಕೊಳ್ಳುವುದೇ ಅಗ್ಗ ಎಂಬುದು ಅನೇಕರ ಲೆಕ್ಕಾಚಾರ. 1807ರಲ್ಲಿ ಬ್ರಿಟನ್ ಈ ವ್ಯಾಪಾರ ನಿಲ್ಲಿಸುವ ಹೊತ್ತಿಗೆ ಮಾತ್ರ ಬಾಣಂತಿ, ಕೂಸುಗಳ ಮೇಲೆ ಅವರಿಗೆ ಕಾಳಜಿ ಹುಟ್ಟಿತ್ತು!

ಹಾಗಂತ ಅಮೆರಿಕದ ಮಾಲೀಕರು ದಯಾಳುಗಳು ಎಂದು ಬರೆದುಬಿಡಬೇಡಿ. ಅಲ್ಲಿ ಹೊಗೆಸೊಪ್ಪು, ಹತ್ತಿ ಜಾಸ್ತಿ, ಕಬ್ಬು ಕಮ್ಮಿ. ಉಷ್ಣವಲಯದ ರೋಗಗಳ ಕಾಟವೂ ಅಷ್ಟಿಲ್ಲ. ತಾಯಿ ಗುಲಾಮಳಾದರೆ ಮಗುವೂ ಮಾಲೀಕನ ಆಸ್ತಿ. ವರ್ಜೀನಿಯಾದಲ್ಲಿ ಹುಟ್ಟಿದವರನ್ನು ದಕ್ಷಿಣದ ಹತ್ತಿ ತೋಟಗಳಿಗೆ ಮಾರಿ ದುಡ್ಡು ಮಾಡಿದರು.

ಇನ್ನು ಪರೀಕ್ಷೆಗೆ ಬರುವ ತ್ರಿಕೋನ ವ್ಯಾಪಾರದ ನಕ್ಷೆ: ಯೂರೋಪಿನಿಂದ ಆಫ್ರಿಕಾಕ್ಕೆ ಸರಕು, ಅಲ್ಲಿಂದ ಅಮೆರಿಕ ಖಂಡಗಳಿಗೆ ಗುಲಾಮರು, ಅಲ್ಲಿಂದ ಯೂರೋಪಿಗೆ ಸಕ್ಕರೆಯಂಥ ಬೆಳೆ. ಅದನ್ನು ಸುಮ್ನೆ ಮೂರು ಬಾಣಕ್ಕೆ ನಿಲ್ಲಿಸಬೇಡಿ. ಬ್ರೆಜಿಲ್‌ನ ಎಷ್ಟೋ ಹಡಗುಗಳು ಯೂರೋಪಿಗೆ ಹೋಗದೆ ನೇರ ಅಂಗೋಲಾಕ್ಕೆ ಹೋಗಿ ಬರುತ್ತಿದ್ದವು. ಆಫ್ರಿಕಾದ ಕರಾವಳಿಯಲ್ಲಿ ಮನುಷ್ಯರನ್ನು ಕೊಳ್ಳಲು ಕೊಟ್ಟ ಸರಕಿನಲ್ಲಿ ಕೋರಮಂಡಲ, ಗುಜರಾತಿನ ಹತ್ತಿ ಬಟ್ಟೆ ಇತ್ತು. ಮಾಲ್ಡೀವ್ಸ್‌ನ ಕವಡೆಯೂ ಇತ್ತು. ಹಿಂದೂ ಮಹಾಸಾಗರದ ಕಡೆಯಿಂದಲೂ ಒಂದು ಬಾಣ ಬೇಕು, ಅಲ್ವಾ?

ಅಟ್ಲಾಂಟಿಕ್ ದಾಟಿದ ಇಡೀ ವ್ಯಾಪಾರದ ಒಟ್ಟು ಸಂಖ್ಯೆ ನೆನಪಿಡಿ: ಹಡಗು ಹತ್ತಿಸಿದವರು ಸುಮಾರು 1.25 ಕೋಟಿ, ದಡ ಸೇರಿದವರು ಸುಮಾರು 1.07 ಕೋಟಿ.

ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದ 1833ರ ಕಾಯಿದೆಯನ್ನು (ಜಾರಿಗೆ ಬಂದದ್ದು 1834ರಲ್ಲಿ) ಓದುವಾಗ ಪರಿಹಾರದ ಭಾಗವನ್ನು ಬಿಡಬೇಡಿ. ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಕೊಟ್ಟಿತು, ಅದು ಮಾಲೀಕರಿಗೆ. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಇಲ್ಲ. ಮೇಲಿಂದ 'ತರಬೇತಿ' ಎಂಬ ಹೆಸರಿನಲ್ಲಿ 1838ರವರೆಗೆ ಅದೇ ತೋಟಗಳಲ್ಲಿ ಬಿಟ್ಟಿ ದುಡಿಸಿಕೊಂಡರು.