ವಿವಿಯನ್ ಬುಲ್‌ವಿಂಕಲ್: ಬೂದು ಸಮವಸ್ತ್ರದಲ್ಲೊಂದು ಗುಂಡಿನ ತೂತು

ಎರಡನೇ ಮಹಾಯುದ್ಧದ ಸಿಂಗಾಪುರ ಪತನ ಎಂದೊಡನೆ ನಾವು 1942ರ ಫೆಬ್ರವರಿ 15 ಎಂದು ಬರೆದುಕೊಂಡು ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಆ ತಾರೀಖಿನ ಆಚೀಚೆ ಆಸ್ಟ್ರೇಲಿಯಾದ 65 ಸೇನಾ ನರ್ಸ್‌ಗಳಿಗೆ ಏನಾಯಿತು ಎಂಬುದನ್ನು ಅವರಲ್ಲೊಬ್ಬರ ಬದುಕಿನಿಂದ ತಿಳಿಯೋಣ.

ವಿವಿಯನ್ ಹುಟ್ಟಿದ್ದು 1915ರಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಕಪುಂಡದಲ್ಲಿ. ನರ್ಸಿಂಗ್ ಕಲಿತದ್ದು ಗಣಿಗಳ ಊರಾದ ಬ್ರೋಕನ್ ಹಿಲ್‌ನಲ್ಲಿ. ಪಾದ ಚಪ್ಪಟೆಯೆಂದು ವಾಯುಪಡೆ ಬೇಡವೆಂದಿತು, ಭೂಸೇನೆ ಸೇರಿಸಿಕೊಂಡಿತು. 1941ರ ಸೆಪ್ಟೆಂಬರ್‌ನಲ್ಲಿ ಸೇನಾ ಆಸ್ಪತ್ರೆಯೊಂದರ ಜೊತೆ ಮಲಯದ (ಇಂದಿನ ಮಲೇಷ್ಯಾದ ಭಾಗ) ಕಡೆಗೆ ಹಡಗು ಹತ್ತಿದರು.

ಜಪಾನಿ ಸೇನೆ ಸಿಂಗಾಪುರದೊಳಗೆ ನುಗ್ಗಿದಾಗ, ಫೆಬ್ರವರಿ 12ರಂದು, 65 ನರ್ಸ್‌ಗಳನ್ನು ‘ವೈನರ್ ಬ್ರೂಕ್’ ಹಡಗಿಗೆ ಹತ್ತಿಸಿದರು. 14ರಂದು ಬಾಂಬ್ ಬಿದ್ದು ಹಡಗು ಮುಳುಗಿತು. ಇಲ್ಲಿ ಲೆಕ್ಕ ತಪ್ಪುವುದು ಸುಲಭ, ಹಾಗಾಗಿ ಬರೆದಿಟ್ಟುಕೊಳ್ಳಿ: 12 ಮಂದಿ ಸಮುದ್ರದ ಪಾಲಾದರು, 21 ಮಂದಿಯನ್ನು ದಡದಲ್ಲಿ ಕೊಂದರು, 32 ಮಂದಿ ಸೆರೆಯಾದರು. ಸೆರೆಯಲ್ಲಿ ಸತ್ತವರು 8, ಮನೆಗೆ ಮರಳಿದವರು 24.

ಆ 21 ಮಂದಿ ಸತ್ತದ್ದು ಸುಮಾತ್ರಾ ಪಕ್ಕದ ಬಂಕಾ ದ್ವೀಪದ ರಾಜಿ ಕಡಲತೀರದಲ್ಲಿ, ಫೆಬ್ರವರಿ 16ರಂದು. ಅಲ್ಲಿ ಸೇರಿದ್ದ ಹೆಂಗಸರು ಮಕ್ಕಳಲ್ಲಿ ಹೆಚ್ಚಿನವರು ಮುಂಟೋಕ್ ಊರಿನತ್ತ ನಡೆದುಹೋಗಿದ್ದರು. 22 ನರ್ಸ್‌ಗಳು ಹೋಗಲಿಲ್ಲ. ಕಾರಣ ಇಷ್ಟೇ: ಮರಳಿನ ಮೇಲೆ ಗಾಯಾಳುಗಳು ಮಲಗಿದ್ದರು. ಈ ಘಟನೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಗುಂಡಿನ ಸದ್ದಿಗಿಂತ ಮೊದಲಿನ ಈ ನಿರ್ಧಾರ. ಜಪಾನಿ ಸೈನಿಕರು ಗಂಡಸರನ್ನು ಮೊದಲು ಕೊಂದು, ಆಮೇಲೆ ನರ್ಸ್‌ಗಳನ್ನು ಸಮುದ್ರದೊಳಕ್ಕೆ ನಡೆಸಿ ಹಿಂದಿನಿಂದ ಗುಂಡು ಹಾರಿಸಿದರು. ವಿವಿಯನ್ ಅವರ ಸೊಂಟದ ಮೇಲ್ಭಾಗದಲ್ಲಿ ಗುಂಡು ತೂರಿ ಹೊರಬಿತ್ತು. ಈಜು ಬಾರದ ಅವರು ಸತ್ತವರಂತೆ ನೀರಿನಲ್ಲಿ ತೇಲುತ್ತಾ ಬಿದ್ದುಕೊಂಡರು.

ಬಳಿಕ ಗಾಯಗೊಂಡ ಬ್ರಿಟಿಷ್ ಸೈನಿಕನೊಬ್ಬನನ್ನು ಆರೈಕೆ ಮಾಡುತ್ತಾ ಸುಮಾರು 12 ದಿನ ಕಾಡಿನಲ್ಲಿ ಅಡಗಿದ್ದರು. ತಿನ್ನಲು ಸಿಗದೆ ಇಬ್ಬರೂ ಶರಣಾದರು. ಆತ ಹೆಚ್ಚು ದಿನ ಬದುಕಲಿಲ್ಲ. ಹತ್ಯೆಗೆ ಸಾಕ್ಷಿ ಉಳಿದಿದೆ ಎಂದು ಗೊತ್ತಾದರೆ ತನ್ನ ಜೀವ ಮಾತ್ರವಲ್ಲ, ವಿಷಯ ತಿಳಿದ ಗೆಳತಿಯರ ಜೀವವೂ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಹೆಗಲಿಗೆ ನೇತುಹಾಕಿದ ನೀರಿನ ಬಾಟಲಿಯನ್ನು ಬಟ್ಟೆಯ ತೂತಿಗೆ ಅಡ್ಡವಾಗಿ ಹಿಡಿದುಕೊಂಡೇ ಸೆರೆಗೆ ಹೋದರು. ಕೇಳಿದ ನರ್ಸ್‌ಗಳೂ ಮೂರೂವರೆ ವರ್ಷ ಬಾಯಿ ಬಿಡಲಿಲ್ಲ.

ಕ್ಯಾಂಪಿನಲ್ಲಿ ಹಸಿವು, ಮಲೇರಿಯಾ, ವಿಟಮಿನ್ ಕೊರತೆಯಿಂದ ಬರುವ ಬೆರಿಬೆರಿ. ಎಂಟೂ ಸಾವುಗಳು 1945ರಲ್ಲೇ ಆದವು. ಕೊನೆಯದು ಆಗಸ್ಟ್ 18ರಂದು. ಜಪಾನ್ ಸೋಲೊಪ್ಪಿ ಮೂರು ದಿನವಾಗಿತ್ತು, ಕ್ಯಾಂಪಿಗೆ ಸುದ್ದಿ ಮುಟ್ಟಿರಲಿಲ್ಲ.

1946ರಲ್ಲಿ ವಿವಿಯನ್ ಟೋಕಿಯೋದ ಯುದ್ಧಾಪರಾಧ ನ್ಯಾಯಮಂಡಳಿಯ ಮುಂದೆ ಸಾಕ್ಷಿ ಹೇಳಿದರು. ಗುಂಡು ಹಾರಿಸುವ ಮೊದಲು ನರ್ಸ್‌ಗಳ ಮೇಲೆ ಅತ್ಯಾಚಾರ ನಡೆದಿತ್ತು, ಅದನ್ನು ಹೇಳದಂತೆ ಆಸ್ಟ್ರೇಲಿಯಾದ ಅಧಿಕಾರಿಗಳು ಅವರನ್ನು ತಡೆದರು ಎಂದು ಇತ್ತೀಚಿನ ಸಂಶೋಧಕರು ವಾದಿಸಿದ್ದಾರೆ. ಹಾಗಾಗಿ ಸಾಕ್ಷ್ಯವನ್ನು ಓದುವಾಗ ಅದರಲ್ಲಿ ಏನಿದೆ ಎಂಬಷ್ಟೇ ಗಮನವಿಟ್ಟು ಏನಿಲ್ಲ ಎಂಬುದನ್ನೂ ನೋಡಬೇಕು.

ಯುದ್ಧಾನಂತರದ ಬದುಕೂ ಪರೀಕ್ಷೆಗೆ ಬೇಕಾದ್ದೇ. ಸೆರೆಯ ಸಂಗಾತಿ ಬೆಟ್ಟಿ ಜೆಫ್ರಿ ಜೊತೆ ವಿಕ್ಟೋರಿಯಾದ ಆಸ್ಪತ್ರೆಗಳನ್ನು ಸುತ್ತಿ ಹಣ ಕೂಡಿಸಿದರು. ಮೆಲ್ಬರ್ನ್‌ನಲ್ಲಿ 1950ರಲ್ಲಿ ತೆರೆದ ನರ್ಸ್‌ಗಳ ಸ್ಮಾರಕ ಕೇಂದ್ರ ಅದರ ಫಲ. ಫೇರ್‌ಫೀಲ್ಡ್ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಟ್ರನ್, ಅಂದರೆ ನರ್ಸ್‌ಗಳ ಮುಖ್ಯಸ್ಥೆ, ಆದರು. 1993ರಲ್ಲಿ ಬಂಕಾಕ್ಕೆ ಮರಳಿ ಗೆಳತಿಯರ ಸ್ಮಾರಕ ಅನಾವರಣಗೊಳಿಸಿದರು. 2000ದಲ್ಲಿ ಪರ್ತ್‌ನಲ್ಲಿ ತೀರಿಕೊಂಡರು.

ಆ ಬೂದು ಸಮವಸ್ತ್ರ ಈಗ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿದೆ. ಅದರ ತೂತನ್ನು ಈಗ ಯಾರೂ ಮುಚ್ಚಿಟ್ಟಿಲ್ಲ.