ಎಡಗೈ ಬರೆದರೆ ಬಲಗೈ ಅಚ್ಚಾಗುತ್ತದೆ

ಲಿನೋ ಅಚ್ಚಿನಲ್ಲಿ, ಅಂದರೆ ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೊರೆದು ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಚಿತ್ರದಲ್ಲಿ, ಬೂದು ಬಣ್ಣ ಅನ್ನೋದೇ ಇಲ್ಲ. ಉಳಿ ತಾಗಿದ ಜಾಗ ಬಿಳಿ, ತಾಗದ ಜಾಗ ಕಪ್ಪು. ರೋಲರ್ ಆಡಿಸಿದಾಗ ಶಾಯಿ ಉಬ್ಬಿರುವ ಭಾಗಕ್ಕಷ್ಟೇ ಅಂಟುತ್ತದೆ, ಕೊರೆದ ತಗ್ಗಿಗೆ ಇಳಿಯುವುದಿಲ್ಲ. ಪೆನ್ಸಿಲ್ ಗೀಚಿ, ಬೆರಳಿನಿಂದ ಉಜ್ಜಿ ನೆರಳು ಮಾಡಿ ರೂಢಿಯಾದವರಿಗೆ ಇಲ್ಲಿ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಅದಕ್ಕೇ ಅಚ್ಚಿನ ಕಲೆ ಕಲಿಯುವವರ ಸ್ಕೆಚ್‌ಬುಕ್ ಬೇರೆ ಥರ ಇರಬೇಕು ಅನ್ನುತ್ತೇನೆ. ಅಲ್ಲಿ ಪಳಗಬೇಕಾದದ್ದು ಮೊದಲು ಕಣ್ಣು.

ಶುರು ಮಾಡಲು ನಿಮ್ಮ ಎಡಗೈ ಸಾಕು. ಹಿಂದೆ ಕಪ್ಪು ಬಟ್ಟೆ ಹಾಕಿ, ಒಂದೇ ಒಂದು ದೀಪವನ್ನು ಪಕ್ಕದಲ್ಲಿಡಿ. ಕಣ್ಣು ಕಿರಿದು ಮಾಡಿ ನೋಡಿ. ಚರ್ಮದ ಸುಕ್ಕು, ಉಗುರಿನ ಹೊಳಪು ಎಲ್ಲ ಮಸುಕಾಗಿ, ಬೆಳಕು ನೆರಳಿನ ದೊಡ್ಡ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಈಗ ಬ್ರಷ್ ಪೆನ್ನಿನಿಂದ ಕತ್ತಲೆಯನ್ನಷ್ಟೇ ತುಂಬಿ. ಗೆರೆ ಎಳೆಯಬೇಡಿ. ನೆರಳಿನ ಕಡೆಯ ಬೆರಳು ಹಿಂದಿನ ಕಪ್ಪಿನಲ್ಲಿ ಕರಗಿಹೋಗುತ್ತದೆ, ಅಲ್ಲಿ ಅಂಚೇ ಇರುವುದಿಲ್ಲ. ಒಂದು ಗೆರೆ ಹಾಕಿಬಿಡೋಣ ಅಂತ ಕೈ ತುರಿಸುತ್ತದೆ. ಸುಮ್ನೆ ಬಿಡಿ. ಮುಗಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದರೆ ಬೆರಳು ಪೂರ್ತಿ ಇದೆ!

ಆ ಅಂಚನ್ನು ಹಾಕಿದ್ದು ನಿಮ್ಮ ಮೆದುಳು. ಇಟಲಿಯ ಮನಶ್ಶಾಸ್ತ್ರಜ್ಞ ಗೇಟಾನೊ ಕನಿಜ್ಸಾ 1955ರಲ್ಲಿ ಇಂಥದ್ದೇ ಒಂದನ್ನು ತೋರಿಸಿದ್ದರು. ತುಂಡು ಕತ್ತರಿಸಿದ ಮೂರು ಕಪ್ಪು ವೃತ್ತಗಳನ್ನು ಸರಿಯಾಗಿ ಜೋಡಿಸಿಟ್ಟರೆ, ಯಾರೂ ಬರೆಯದ ಬಿಳಿ ತ್ರಿಕೋನವೊಂದು ನಡುವೆ ಎದ್ದು ಕಾಣುತ್ತದೆ. 1984ರಲ್ಲಿ ಕೋತಿಗಳ ಮೆದುಳಿನಲ್ಲಿ, ಇಲ್ಲದ ಇಂಥ ಅಂಚಿಗೂ ಸ್ಪಂದಿಸುವ ನರಕೋಶಗಳು ಸಿಕ್ಕವು.

ಅಂಚು ಅಂದರೆ ಮೆದುಳಿಗೆ ಅಷ್ಟು ಮುಖ್ಯ. ಅದು ತಿಳಿದ ಬಗೆಯೂ ಸೊಗಸಾಗಿದೆ. 1950ರ ದಶಕದ ಕೊನೆಯಲ್ಲಿ ವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿಗೆ ಗಾಜಿನ ಸ್ಲೈಡಿನ ಮೇಲಿನ ಕಪ್ಪು ಚುಕ್ಕೆ ತೋರಿಸುತ್ತ, ಅದರ ಮೆದುಳಿನ ಒಂದು ನರಕೋಶದ ಸ್ಪಂದನವನ್ನು ಸ್ಪೀಕರಿನಲ್ಲಿ ಕೇಳುತ್ತಿದ್ದರು. ನರಕೋಶ ಚುಕ್ಕೆಗೆ ಜಗ್ಗಲಿಲ್ಲ. ಸ್ಲೈಡ್ ತುರುಕುವಾಗ ಅದರ ಗಾಜಿನ ಅಂಚಿನ ತೆಳು ನೆರಳು ಸರಿದು ಹೋಯಿತಲ್ಲ, ಆಗ ಪಟಪಟನೆ ಸದ್ದು ಮಾಡಿತು. ಅದೂ ಒಂದು ನಿರ್ದಿಷ್ಟ ಓರೆಯಲ್ಲಿದ್ದಾಗ ಮಾತ್ರ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕಪ್ಪು ಬಿಳಿ ಎರಡೇ ಇರುವ ಒಂದು ಅಚ್ಚು ಇಷ್ಟು ಜೀವಂತವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ನಡುವಿನ ಛಾಯೆ? ಅದಕ್ಕೆ ಗೆರೆಗಳಿವೆ. ಪುಟದಲ್ಲಿ ಐದು ಚೌಕ ಮಾಡಿ, ಒಂದೊಂದರಲ್ಲೂ ಗೆರೆಗಳ ಅಂತರ ಕಮ್ಮಿ ಮಾಡುತ್ತ ಹೋಗಿ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಮೀಟರ್ ದೂರದಲ್ಲಿ ಸುಮಾರು 0.3 ಮಿಲಿಮೀಟರ್‌ವರೆಗಿನ ವಿವರ ಬಿಡಿಸಬಲ್ಲದು. ಅದಕ್ಕಿಂತ ಸಣ್ಣದಾದರೆ ಕಪ್ಪೂ ಬಿಳಿಯೂ ಬೆರೆತು ಬೂದಾಗುತ್ತದೆ. ಪುಸ್ತಕವನ್ನು ಗೋಡೆಗೆ ಒರಗಿಸಿ ಹಿಂದೆ ಹಿಂದೆ ನಡೆಯಿರಿ. ಯಾವ ಚೌಕ ಎಲ್ಲಿ ಬೂದಾಯಿತು ಅಂತ ಪಕ್ಕದಲ್ಲಿ ಬರೆದಿಡಿ. ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಕಪ್ಪು ಹಾಳೆಯ ಮೇಲೆ ಬಿಳಿ ಪೆನ್ಸಿಲ್‌ನಲ್ಲೂ ಅದೇ ಕೈಯನ್ನು ಬರೆಯಿರಿ. ಉಳಿ ಮಾಡುವ ಕೆಲಸವೂ ಅದೇ ಅಲ್ವಾ, ಕತ್ತಲೆಯಿಂದ ಬೆಳಕು ತೆಗೆಯುವುದು.

ಕೊನೆಗೆ ತಿರುಗುಮುರುಗು. ಎಡಗೈ ಕೊರೆದರೆ ಅಚ್ಚಿನಲ್ಲಿ ಬರುವುದು ಬಲಗೈ. ಜರ್ಮನಿಯ ಕಲಾವಿದ ಡ್ಯೂರರ್ 1515ರಲ್ಲಿ ಮಾಡಿದ ಪ್ರಸಿದ್ಧ ಘೇಂಡಾಮೃಗದ ಮರದಚ್ಚು ಕೂಡ ಅವನದೇ ರೇಖಾಚಿತ್ರದ ಕನ್ನಡಿ ಬಿಂಬ. ಯಾರಿಗೂ ಅದು ಉಲ್ಟಾ ಅನ್ನಿಸುವುದಿಲ್ಲ. ಪ್ರಾಣಿ ಎಡಕ್ಕೆ ನಿಂತರೂ ಬಲಕ್ಕೆ ನಿಂತರೂ ಮೆದುಳಿಗೆ ಒಂದೇ. ಚಿಕ್ಕ ಮಕ್ಕಳು ಅಕ್ಷರ ಕಲಿಯುವಾಗ ತಿರುಗಿಸಿ ಬರೆಯುವುದೂ ಇದರಿಂದಲೇ ಎನ್ನುತ್ತಾರೆ. ಆದರೆ ಓದಲು ಕಲಿತ ಕಣ್ಣು ಅಕ್ಷರದ ವಿಷಯದಲ್ಲಿ ಬಿಡುವುದಿಲ್ಲ. ನನ್ನ ಮೊದಲ ಅಚ್ಚಿನಲ್ಲಿ ಚಿತ್ರ ಚೆನ್ನಾಗಿತ್ತು, ಕೆಳಗಿದ್ದ ಹೆಸರು ತಿರುಗಿತ್ತು. ಎಲ್ಲರೂ ಮೊದಲು ನೋಡಿದ್ದು ಹೆಸರನ್ನೇ.

ಹಾಗಾಗಿ ಸ್ಕೆಚ್ ಮುಗಿದ ಕೂಡಲೇ ಹಾಳೆಯನ್ನು ಕಿಟಕಿ ಗಾಜಿಗೆ ಹಿಡಿದು ಹಿಂಬದಿಯಿಂದ ನೋಡಿ. ಚಿತ್ರ ಒಂದು ಕಡೆ ವಾಲಿದಂತೆ ಕಂಡರೆ ಅಲ್ಲೇ, ಹಿಂಬದಿಯಲ್ಲೇ ತಿದ್ದಿ. ಲಿನೋಗೆ ಇಳಿಸಬೇಕಾದದ್ದು ಆ ಬದಿಯನ್ನು.